ಬ್ಯಾಕ್‌ಗ್ರೌಂಡ್ ಆ್ಯಪ್: ಏನು, ಯಾಕೆ ನಿಲ್ಲುತ್ತೆ, ಯಾರಿಗೆ ನಷ್ಟ?

ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋದಾಗ ಮೊದಲನೆಯದು ಪರದೆಯ ಹಿಂದೆ ಉಳಿಯುತ್ತದೆ. ಅದೇ ಬ್ಯಾಕ್‌ಗ್ರೌಂಡ್ ಆ್ಯಪ್. ಎಲ್ಲವನ್ನೂ ಓಡಲು ಬಿಟ್ಟರೆ ಬ್ಯಾಟರಿ ಬೇಗ ಖಾಲಿ. ಅದಕ್ಕೇ ಆ್ಯಂಡ್ರಾಯ್ಡ್ 2015ರಲ್ಲಿ ‘ಡೋಜ್’ ತಂದಿತು: ಪರದೆ ಆರಿ, ಫೋನ್ ಅಲುಗಾಡದೆ ಬಿದ್ದಿದ್ದರೆ ಆ್ಯಪ್‌ಗಳ ಇಂಟರ್ನೆಟ್ ಬಳಕೆಯನ್ನು ಮುಂದೂಡುತ್ತದೆ. 2017ರ 8ನೇ ಆವೃತ್ತಿ ಇನ್ನಷ್ಟು ಮಿತಿ ಹಾಕಿತು. ಐಫೋನ್ ಮೊದಲಿಂದಲೂ ಬಿಗಿ; 2010ರ ಐಓಎಸ್ 4 ಹಾಡು, ಕರೆ, ಲೊಕೇಶನ್‌ನಂಥ ಕೆಲವೇ ಕೆಲಸಗಳಿಗೆ ಅವಕಾಶ ಕೊಟ್ಟಿತು. ಇದರ ಮೇಲೆ ಹಲವು ಆ್ಯಂಡ್ರಾಯ್ಡ್ ಫೋನ್ ಕಂಪನಿಗಳು ತಮ್ಮದೇ ಬ್ಯಾಟರಿ ಸೇವರ್ ಸೇರಿಸಿ ಆ್ಯಪ್‌ಗಳನ್ನು ಸದ್ದಿಲ್ಲದೆ ನಿಲ್ಲಿಸುತ್ತವೆ.

ಇದು ಬರೀ ಟೆಕ್ಕಿಗಳ ವಿಷಯ ಅಲ್ಲ. ನರೇಗಾ ಸಾಮುದಾಯಿಕ ಕಾಮಗಾರಿಗಳಲ್ಲಿ 2023ರ ಜನವರಿ 1ರಿಂದ ಎನ್‌ಎಂಎಂಎಸ್ ಆ್ಯಪ್ ಹಾಜರಾತಿ ಕಡ್ಡಾಯವಾಯಿತು: ದಿನಕ್ಕೆ ಎರಡು ಫೋಟೊ, ಸಮಯ ಮತ್ತು ಸ್ಥಳದ ಗುರುತಿನ ಜೊತೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ತಾಲ್ಲೂಕುಗಳಲ್ಲಿ ಕೆರೆ ಹೂಳೆತ್ತುವ ಕಡೆ ಸಿಗ್ನಲ್ ಸಿಗದಿದ್ದರೆ, ಕಾಯಕ ಬಂಧು ಫೋಟೊ ತೆಗೆದಿಟ್ಟು ಆಮೇಲೆ ಕಳಿಸಬೇಕು. ಅಪ್‌ಲೋಡ್ ಮುಗಿಯುವ ಮೊದಲೇ ಫೋನ್ ಆ್ಯಪನ್ನು ನಿಲ್ಲಿಸಿದರೆ ತೂಗಾಡುವುದು ಇಡೀ ಗುಂಪಿನ ಕೂಲಿ.

ನಾನು ಕೇಳೋದು ಇಷ್ಟೇ. ನಾವೇ ಶುರು ಮಾಡಿದ ಕೆಲಸ ಮುಗಿಯುವ ತನಕ ಫೋನ್ ಅದನ್ನು ನಿಲ್ಲಿಸಬಾರದು. ನಿಲ್ಲಿಸಲೇಬೇಕಾದರೆ ಕನ್ನಡದಲ್ಲಿ ಹೇಳಿ ನಿಲ್ಲಿಸಲಿ. ಕಡಿವಾಣ ಮೊದಲು ಬೀಳಬೇಕಾದ್ದು ಜಾಹೀರಾತಿಗಾಗಿ ನಮ್ಮ ಬೆನ್ನು ಹತ್ತುವ ಆ್ಯಪ್‌ಗಳಿಗೆ. ಸರ್ಕಾರವೂ ಅಗ್ಗದ ಫೋನುಗಳಲ್ಲಿ ಪರೀಕ್ಷಿಸದೆ ಯಾವ ಆ್ಯಪನ್ನೂ ಕಡ್ಡಾಯ ಮಾಡಬಾರದು. ಗ್ರಾಮಸಭೆಯಲ್ಲಿ ಈ ಪ್ರಶ್ನೆ ಎತ್ತಿ.