ರಕ್ತದೊತ್ತಡ, ಮೂತ್ರಪಿಂಡ, ಉರಿಯೂತ: ಒಂದು ಹಳೆಯ ಪ್ರಶ್ನೆ

ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯವು 1963ರಲ್ಲಿ ಆರಂಭವಾಗುವ ವೇಳೆಗೆ, ರಕ್ತದೊತ್ತಡಕ್ಕೂ ಮೂತ್ರಪಿಂಡಕ್ಕೂ ಇರುವ ಸಂಬಂಧದ ಚರ್ಚೆ ನೂರು ವರ್ಷಗಳನ್ನು ಮೀರಿತ್ತು.

ಮೂತ್ರದಲ್ಲಿ ಆಲ್ಬುಮಿನ್ ಕಾಣುವ ರೋಗಿಗಳ ಮೂತ್ರಪಿಂಡಗಳು ಕೆಟ್ಟಿರುವುದನ್ನು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟನು 1827ರಲ್ಲಿ ವರ್ಣಿಸಿದನು. ಅನಂತರದ ಹಲವರು ದೋಷವನ್ನೆಲ್ಲ ಮೂತ್ರಪಿಂಡದ ಉರಿಯೂತದ ಮೇಲೆಯೇ ಹೊರಿಸಿದರು. ಅದೇ ಆಸ್ಪತ್ರೆಯ ಫ್ರೆಡರಿಕ್ ಅಕ್ಬರ್ ಮಹಮದನು, ನಾಡಿಯ ಬಡಿತವನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ಹಿಡಿದು, 1870ರ ದಶಕದಲ್ಲಿ ಬೇರೊಂದನ್ನು ಕಂಡನು: ಮೂತ್ರದಲ್ಲಿ ಆಲ್ಬುಮಿನ್ ಇಲ್ಲದವರಲ್ಲಿಯೂ ಒತ್ತಡವು ಏರಿರುತ್ತದೆ. ಪಾಟ್ನಾದಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸಿದ ದೀನ್ ಮಹಮದನ ಮೊಮ್ಮಗನೀತ. 1884ರಲ್ಲಿ, 35ನೆಯ ವಯಸ್ಸಿಗೇ ವಿಷಮಶೀತಜ್ವರದಿಂದ ತೀರಿಕೊಂಡುದರಿಂದಲೋ ಏನೋ, ಅವನ ಮಾತು ಬಹುಕಾಲ ಮೂಲೆಗೆ ಬಿದ್ದಿತು.

ಉರಿಯೂತವು ಇನ್ನೊಂದು ದಾರಿಯಿಂದ ಮರಳಿತು. ಟಿಲೆಟ್ ಮತ್ತು ಫ್ರಾನ್ಸಿಸರು 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದ ಸಿ-ರಿಯಾಕ್ಟಿವ್ ಪ್ರೋಟೀನನ್ನು ಈಗ ರಕ್ತದೊತ್ತಡವುಳ್ಳವರಲ್ಲಿಯೂ ಅಳೆಯುವುದುಂಟು. ಅದು ಹೆಚ್ಚಿದವರಲ್ಲಿ ಮೂತ್ರಪಿಂಡದ ಶಕ್ತಿಯು ಕುಂದಿರುವುದು ಹಲವು ವೇಳೆ ಕಾಣುತ್ತದೆ. ಆದರೆ ಕುಂದಿದ ಮೂತ್ರಪಿಂಡವೂ ಉರಿಯೂತವನ್ನು ಹೆಚ್ಚಿಸಬಲ್ಲುದು. ಹಲ್ಲಿನ ಬುಡದ ಕೀವು ಸಹ ಆ ಅಂಕಿಯನ್ನು ಏರಿಸೀತು. ಜಗತ್ ಬಡಾವಣೆಯ ರೋಗಿಯೊಬ್ಬನ ಒಂದು ದಿನದ ರಕ್ತಪರೀಕ್ಷೆಯಿಂದ ಯಾವುದು ಮೊದಲೆಂದು ನಿರ್ಣಯಿಸಲಾಗದು. ವರ್ಷ ವರ್ಷವೂ ಒತ್ತಡವನ್ನೂ ಮೂತ್ರವನ್ನೂ ನೋಡುತ್ತಿರಬೇಕು. ಕ್ರಿಯಾಟಿನಿನ್ ಸ್ಪಷ್ಟವಾಗಿ ಏರುವ ಹೊತ್ತಿಗೆ ಮೂತ್ರಪಿಂಡದ ಅರ್ಧದಷ್ಟು ಶಕ್ತಿಯೇ ಹೋಗಿರಬಹುದು.