ಹುಡುಗಿಯರು ಓಡಿದರೆ ಏನಾಗುತ್ತೆ? ಒಂದು ಹಳೆಯ ಭಯದ ಕಥೆ

ಇವತ್ತು ಒಂದು ಓಟದ ಬಗ್ಗೆ ಮಾತಾಡೋಣ. ಆ ಓಟ ಮುಗಿಯೋಕೆ ಹಿಡಿದಿದ್ದು ಸುಮಾರು ಎರಡೂಕಾಲು ನಿಮಿಷ. ಆದರೆ ಅದರ ನೆಪದಲ್ಲಿ ಮುಚ್ಚಿದ ಬಾಗಿಲು ಮತ್ತೆ ತೆರೆಯೋಕೆ 32 ವರ್ಷ ಬೇಕಾಯ್ತು. "ದೊಡ್ಡವಳಾದಳಲ್ಲ, ಇನ್ನೆಷ್ಟು ದಿನ ಓಡೋದು, ಕುಣಿಯೋದು?" ಅನ್ನೋ ಮಾತು ಇವತ್ತಿಗೂ ಎಷ್ಟೋ ಮನೆಗಳಲ್ಲಿ ಕೇಳಿಸುತ್ತೆ. ಅಂಥದ್ದೇ ಭಯ ಒಂದು ಕಾಲದಲ್ಲಿ ವೈದ್ಯಶಾಸ್ತ್ರದ ಹೆಸರಲ್ಲೇ ಓಡಾಡ್ತಿತ್ತು.

1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್. ಮಹಿಳೆಯರಿಗೆ ಅಥ್ಲೆಟಿಕ್ಸ್‌ನಲ್ಲಿ ಅವಕಾಶ ಸಿಕ್ಕಿದ್ದು ಅದೇ ಮೊದಲು, ಅದೂ ಬರೀ ಐದು ಸ್ಪರ್ಧೆಗಳಲ್ಲಿ. ಜುಲೈ 31ರಂದು 100 ಮೀಟರ್ ಗೆದ್ದವಳು ಅಮೆರಿಕದ ಬೆಟ್ಟಿ ರಾಬಿನ್ಸನ್. ವಯಸ್ಸು 16, ಇನ್ನೂ ಹೈಸ್ಕೂಲ್ ಹುಡುಗಿ. ರೈಲು ಹಿಡಿಯೋಕೆ ಓಡ್ತಿದ್ದ ಅವಳನ್ನ ನೋಡಿದ ಶಾಲೆಯ ಮೇಷ್ಟ್ರೊಬ್ಬರು ತರಬೇತಿಗೆ ಕರೆದಿದ್ದರು. ಅದಾದ ಕೆಲವೇ ತಿಂಗಳಲ್ಲಿ ಅವಳಿಗೆ ಒಲಿಂಪಿಕ್ ಚಿನ್ನ.

ಎರಡು ದಿನ ಬಿಟ್ಟು 800 ಮೀಟರ್ ಫೈನಲ್. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಲ್ಲಿ ಗುರಿ ಮುಟ್ಟಿ ವಿಶ್ವದಾಖಲೆ ಬರೆದರು. ಜಪಾನಿನ ಕಿನುಯೆ ಹಿತೋಮಿ ಎರಡನೇ ಸ್ಥಾನ. ಜೀವ ಬಿಟ್ಟು ಓಡಿದ ಮೇಲೆ ಒಂದಿಬ್ಬರು ಸುಸ್ತಾಗಿ ನೆಲಕ್ಕೆ ಕೂತರು. 800 ಮೀಟರ್ ಓಡಿದ ಗಂಡಸರೂ ಹಾಗೆ ಕೂರ್ತಾರೆ, ಮಲಗ್ತಾರೆ. ಅದು ಯಾರಿಗೂ ಸುದ್ದಿ ಅನ್ನಿಸಿರಲಿಲ್ಲ.

ಈ ಸಲ ಸುದ್ದಿಯಾಯ್ತು. ಹಲವರು ಅರ್ಧದಲ್ಲೇ ಓಟ ಬಿಟ್ಟರು, ಟ್ರ್ಯಾಕ್ ಮೇಲೆ ಕುಸಿದು ಬಿದ್ದರು ಅಂತ ಪತ್ರಿಕೆಗಳು ಬರೆದವು. ನಿಜ ಏನು ಗೊತ್ತಾ? ಓಟ ಶುರು ಮಾಡಿದವರು ಒಂಬತ್ತು ಜನ. ಮುಗಿಸಿದವರೂ ಒಂಬತ್ತು ಜನ. ಆದರೂ ಮಹಿಳೆಯರ 800 ಮೀಟರ್ ಓಟವನ್ನ ಒಲಿಂಪಿಕ್ಸ್‌ನಿಂದ ತೆಗೆದುಹಾಕಿದರು. ಅದು ವಾಪಸ್ ಬಂದಿದ್ದು 1960ರಲ್ಲಿ, ರೋಮ್‌ನಲ್ಲಿ.

ಇಷ್ಟು ಸುಲಭವಾಗಿ ಜನ ಯಾಕೆ ನಂಬಿದರು? ಯಾಕಂದ್ರೆ ನಂಬೋಕೆ ಅವರು ಮೊದಲೇ ತಯಾರಾಗಿದ್ದರು. 1873ರಲ್ಲಿ ಅಮೆರಿಕದ ಬಾಸ್ಟನ್‌ನ ವೈದ್ಯ ಎಡ್ವರ್ಡ್ ಕ್ಲಾರ್ಕ್ ಒಂದು ಪುಸ್ತಕ ಬರೆದಿದ್ದರು. ಅವರ ಲೆಕ್ಕದಲ್ಲಿ ಹುಡುಗಿಯ ದೇಹದ ಶಕ್ತಿ ಅಂದ್ರೆ ಡಬ್ಬಿಯಲ್ಲಿರೋ ದುಡ್ಡಿನ ಹಾಗೆ. ಹದಿಹರೆಯದಲ್ಲಿ ಅದನ್ನ ಓದಿಗೆ ಖರ್ಚು ಮಾಡಿದರೆ ಮುಂದೆ ತಾಯ್ತನಕ್ಕೆ ಉಳಿಯಲ್ಲ. ಅವರು ಹೇಳಿದ್ದು ಓದಿನ ಬಗ್ಗೆ. ಆದರೆ ಅದೇ ಥರದ ಲೆಕ್ಕ ಆಟದ ಮೈದಾನಕ್ಕೂ ಬಂತು.

ಇದಕ್ಕೆ ಉತ್ತರ ಕೊಟ್ಟವರು ನ್ಯೂಯಾರ್ಕ್‌ನ ವೈದ್ಯೆ ಮೇರಿ ಪಟ್ನಂ ಜಾಕೋಬಿ. ಅವರು ವಾದಕ್ಕೆ ಇಳೀಲಿಲ್ಲ, ಅಳತೆಗೆ ಇಳಿದರು. ಪ್ರಶ್ನೆಗಳನ್ನ ಕಳಿಸಿ 268 ಮಹಿಳೆಯರಿಂದ ಉತ್ತರ ಪಡೆದರು. ಮುಟ್ಟಿನ ದಿನಗಳಲ್ಲಿ ನಾಡಿಬಡಿತ ಎಷ್ಟು, ಸ್ನಾಯುವಿನ ಬಲ ಎಷ್ಟು ಅಂತ ಅಳೆದರು. ಆರೋಗ್ಯವಾಗಿರೋ ಹೆಣ್ಣಿಗೆ ಆ ದಿನಗಳಲ್ಲಿ ಕಡ್ಡಾಯ ವಿಶ್ರಾಂತಿ ಬೇಕು ಅನ್ನೋಕೆ ಆಧಾರ ಸಿಗಲಿಲ್ಲ. 1876ರಲ್ಲಿ ಆ ಪ್ರಬಂಧಕ್ಕೆ ಹಾರ್ವರ್ಡ್‌ನ ಬಾಯ್ಲ್‌ಸ್ಟನ್ ಬಹುಮಾನವೂ ಬಂತು. ಆದರೆ 52 ವರ್ಷ ಕಳೆದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಗೆದ್ದಿದ್ದು ಹಳೇ ಭಯವೇ.

ಈಗ ವಿಜ್ಞಾನ ಏನು ಹೇಳುತ್ತೆ ನೋಡೋಣ. ಹುಡುಗಿಯರಿಗೆ ಹದಿಹರೆಯದಲ್ಲಿ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚೋದು ಸಹಜ. ಅದು ಈಸ್ಟ್ರೊಜೆನ್ ಹಾರ್ಮೋನಿನ ಕೆಲಸ, ಕಾಯಿಲೆ ಅಲ್ಲ. ಇದೇ ವಯಸ್ಸಲ್ಲಿ ಇನ್ನೊಂದೂ ನಡೀತಿರುತ್ತೆ. ಎತ್ತರ ಬೇಗ ಬೇಗ ಏರೋ ಸುಮಾರು ಎರಡು ವರ್ಷದಲ್ಲಿ, ದೊಡ್ಡವರಾದಾಗ ಇರಬೇಕಾದ ಮೂಳೆ ಖನಿಜದ ಹೆಚ್ಚುಕಮ್ಮಿ ಕಾಲು ಭಾಗ ಜಮೆಯಾಗುತ್ತೆ. ಓಟ, ಸ್ಕಿಪ್ಪಿಂಗ್, ಖೋ ಖೋ ಥರದ ಕುಪ್ಪಳಿಸೋ ಆಟಗಳು ಆ ಜಮೆಯನ್ನ ಹೆಚ್ಚಿಸುತ್ತವೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳೋದು ಕಲಿಯುತ್ತೆ, ಸ್ನಾಯು ಬೆಳೆಯುತ್ತೆ. ಕೊಬ್ಬು ಕಮ್ಮಿಯಾಗಿ ಸ್ನಾಯು ಹೆಚ್ಚಾದಾಗ ತೂಕದ ಯಂತ್ರದ ಮುಳ್ಳು ಅಲ್ಲಾಡದೇ ಇರಬಹುದು. ಹಾಗಂತ ಏನೂ ಆಗಿಲ್ಲ ಅಂತಲ್ಲ.

ಹಾಗಾದ್ರೆ ಅಪಾಯವೇ ಇಲ್ವಾ? ಇದೆ, ಆದರೆ ಅದಿರೋದು ತಟ್ಟೆಯಲ್ಲಿ. ಜೋರಾಗಿ ತರಬೇತಿ ಮಾಡುತ್ತಾ ಊಟ ಕಮ್ಮಿ ಮಾಡಿದರೆ ಮುಟ್ಟು ನಿಲ್ಲಬಹುದು, ಮೂಳೆ ಸವೆಯಬಹುದು. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಕ್ರೀಡಾಪಟುಗಳ ಈ ಶಕ್ತಿಯ ಕೊರತೆಗೆ ಒಂದು ಹೆಸರನ್ನೇ ಕೊಟ್ಟರು. ಡಬ್ಬಿಯಲ್ಲಿರೋದು ಖಾಲಿಯಾಗುತ್ತೆ ಅಂತ ಕ್ಲಾರ್ಕ್ ಹೆದರಿದ್ದರಲ್ಲ, ಡಬ್ಬಿಯನ್ನ ದಿನಾ ತುಂಬಿಸಬಹುದು ಅನ್ನೋದನ್ನ ಲೆಕ್ಕಕ್ಕೇ ಹಿಡಿದಿರಲಿಲ್ಲ. ಹುಡುಗಿಗೆ ಸುಸ್ತಾದರೆ ಆಟ ಬಿಡಿಸೋ ಮೊದಲು ಅವಳು ಏನು ಉಂಡಿದ್ದಾಳೆ ಅಂತ ಕೇಳಬೇಕು.

ನಮ್ಮ ಪಕ್ಕದ ಕೇರಳದಲ್ಲಿ 1976ರಲ್ಲಿ ಕಣ್ಣೂರಿನ ಕ್ರೀಡಾ ಹಾಸ್ಟೆಲ್‌ಗೆ 12 ವರ್ಷದ ಹುಡುಗಿಯೊಬ್ಬಳು ಸೇರಿದಳು. ಪಿ.ಟಿ. ಉಷಾ. 1984ರ ಲಾಸ್ ಏಂಜಲೀಸ್‌ನಲ್ಲಿ, 400 ಮೀಟರ್ ಹರ್ಡಲ್ಸ್‌ನಲ್ಲಿ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕೈತಪ್ಪಿದ್ದು ನಮಗೆಲ್ಲ ಗೊತ್ತು. ಆದರೆ ಮಹಿಳೆಯರಿಗೆ ಆ ಸ್ಪರ್ಧೆ ಒಲಿಂಪಿಕ್ಸ್‌ನಲ್ಲಿ ಇಟ್ಟಿದ್ದೇ ಆ ವರ್ಷ. ಮಹಿಳೆಯರ ಮೊದಲ ಒಲಿಂಪಿಕ್ ಮ್ಯಾರಥಾನ್ ಕೂಡ ಅಲ್ಲೇ ನಡೆದಿದ್ದು.

ಈಗ ನಿಯಮ ತಡೀತಿಲ್ಲ. ಆದರೂ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ 146 ದೇಶಗಳ ಅಧ್ಯಯನದ ಪ್ರಕಾರ, 11ರಿಂದ 17 ವರ್ಷದ ಹುಡುಗಿಯರಲ್ಲಿ ಶೇ. 85ರಷ್ಟು ಜನ ದಿನಕ್ಕೆ ಒಂದು ಗಂಟೆಯ ವ್ಯಾಯಾಮದ ಮಟ್ಟ ಮುಟ್ಟಲ್ಲ. ಹುಡುಗರಲ್ಲಿ ಇದು ಶೇ. 78. ಇಬ್ಬರದ್ದೂ ಕಥೆ ಚೆನ್ನಾಗಿಲ್ಲ, ಆದರೆ ಹುಡುಗಿಯರದ್ದು ಇನ್ನೂ ಕೆಟ್ಟದಾಗಿದೆ.

ನಿಮ್ಮ ಮನೆಯಲ್ಲಿ ಎಂಟನೇ ಕ್ಲಾಸೋ ಒಂಬತ್ತನೇ ಕ್ಲಾಸೋ ಓದ್ತಿರೋ ತಂಗಿ ಇದ್ದರೆ, ಸಂಜೆ ಆಟಕ್ಕೆ ಹೋಗೋ ಅವಳ ಒಂದು ಗಂಟೆಯನ್ನ ಟ್ಯೂಷನ್‌ಗೋ ಮನೆಗೆಲಸಕ್ಕೋ ಕಿತ್ತುಕೊಳ್ಳದ ಹಾಗೆ ನೋಡಿಕೊಳ್ಳಿ. ಆ ಎರಡು ವರ್ಷ ಮತ್ತೆ ಬರಲ್ಲ.