ಅರ್ಧಕಥಾನಕ: ಒಬ್ಬ ಶ್ರಾವಕನ ಯೌವನದ ಲೆಕ್ಕಪತ್ರ

ನಮ್ಮ ಪುರಾಣಗಳು ತ್ರಿಷಷ್ಟಿ ಶಲಾಕಾಪುರುಷರ ಚರಿತೆಯನ್ನು ಹೇಳುತ್ತವೆ. ತೀರ್ಥಂಕರರು, ಚಕ್ರವರ್ತಿಗಳು, ಬಲದೇವ ವಾಸುದೇವರು ಜನ್ಮಾಂತರಗಳ ಸಾಧನೆಯಿಂದ ಏರಿದ ಎತ್ತರವನ್ನು ಅವು ನಮ್ಮ ಕಣ್ಣ ಮುಂದೆ ನಿಲ್ಲಿಸುತ್ತವೆ. ಆ ಎತ್ತರ ನಮಗೆ ಬೇಕು. ದಿಕ್ಕು ತಿಳಿಯುವುದಕ್ಕೆ ಶಿಖರ ಕಾಣಿಸುತ್ತಿರಬೇಕು. ಆದರೆ ಹರೆಯದ ಹೊಸ್ತಿಲಲ್ಲಿ ನಿಂತು, ಮೊದಲ ಹೆಜ್ಜೆಯಲ್ಲಿಯೇ ಎಡವಿದ ತರುಣನಿಗೆ ಶಿಖರದ ವರ್ಣನೆಯೊಂದೇ ಸಾಲದು. ಎಡವಿದವನು ಹೇಗೆ ಎದ್ದನು, ಎದ್ದವನು ಮತ್ತೆ ಹೇಗೆ ಬಿದ್ದನು, ಕೊನೆಗೆ ಯಾವುದನ್ನು ಹಿಡಿದು ನಿಂತನು ಎಂಬುದನ್ನು ಸತ್ಯವಾಗಿ ಹೇಳುವ ಒಂದು ಮನುಷ್ಯಚರಿತ್ರೆಯೂ ಅವನಿಗೆ ಬೇಕಾಗುತ್ತದೆ. ಅಂತಹ ಚರಿತ್ರೆಯೊಂದು ಜೈನ ಸಾಹಿತ್ಯದಲ್ಲಿಯೇ ಇದೆ. ಅದೇ ಬನಾರಸೀದಾಸನ 'ಅರ್ಧಕಥಾನಕ'.

ಈ ಕೃತಿ ವಿಕ್ರಮ ಸಂವತ್ 1698ರಲ್ಲಿ, ಎಂದರೆ ಕ್ರಿ.ಶ. 1641ರಲ್ಲಿ, ಆಗ್ರಾ ನಗರದಲ್ಲಿ ರಚಿತವಾಯಿತು. ವ್ರಜಭಾಷೆ ಬೆರೆತ ಆಡುನುಡಿಯಲ್ಲಿ, ದೋಹಾ ಚೌಪಾಯಿಗಳಲ್ಲಿ ಹೆಣೆದ 675 ಪದ್ಯಗಳು ಇದರಲ್ಲಿವೆ. ಭಾರತೀಯ ಭಾಷೆಗಳ ಮೊದಲ ಆತ್ಮಚರಿತ್ರೆಗಳ ಸಾಲಿನಲ್ಲಿ ವಿದ್ವಾಂಸರು ಇದನ್ನು ಎಣಿಸುತ್ತಾರೆ. ಪಂಡಿತ ನಾಥೂರಾಮ ಪ್ರೇಮಿಯವರು 1943ರಲ್ಲಿ ಇದನ್ನು ಸಂಪಾದಿಸಿ ಪ್ರಕಟಿಸಿದರು; 1981ರಲ್ಲಿ ಮುಕುಂದ ಲಾಠರ ಇಂಗ್ಲಿಷ್ ಅನುವಾದ ಬಂದ ಮೇಲೆ ಇದು ಲೋಕದ ಗಮನಕ್ಕೆ ಬಂದಿತು. ಮನುಷ್ಯನ ಪೂರ್ಣಾಯುಷ್ಯ 110 ವರ್ಷಗಳೆಂದು ಭಾವಿಸಿ, ತನ್ನ 55ನೆಯ ವಯಸ್ಸಿನಲ್ಲಿ ಬರೆದುದರಿಂದ ಕವಿ ಇದನ್ನು ಅರ್ಧ ಕಥೆಯೆಂದು ಕರೆದನು.

ಬನಾರಸೀದಾಸನು 1586ರಲ್ಲಿ ಜೌನ್‌ಪುರದಲ್ಲಿ, ಶ್ರೀಮಾಲ ಕುಲದ ರತ್ನವ್ಯಾಪಾರಿಯ ಮನೆಯಲ್ಲಿ ಹುಟ್ಟಿದನು. ತಂದೆಯ ಹೆಸರು ಖರಗಸೇನ. ಮಗುವಿಗೆ ಮೊದಲು ಇಟ್ಟ ಹೆಸರು ವಿಕ್ರಮಾಜಿತ. ಪಾರ್ಶ್ವನಾಥ ಸ್ವಾಮಿಯ ಜನ್ಮಸ್ಥಳವಾದ ಬನಾರಸಿಗೆ ಯಾತ್ರೆ ಹೋದಾಗ ಅಲ್ಲಿಯ ಪೂಜಾರಿಯ ಮಾತಿನಂತೆ ಬನಾರಸಿ ಎಂಬ ಹೆಸರಾಯಿತು. ಅವನಿಗೆ ಹನ್ನೊಂದು ವರ್ಷಕ್ಕೇ ಮದುವೆ. ಸೊಸೆ ಮನೆಗೆ ಬಂದ ದಿನವೇ ಆ ಮನೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತು, ಒಬ್ಬ ವೃದ್ಧೆ ಕಣ್ಣು ಮುಚ್ಚಿದಳು. ಒಂದೇ ಸೂರಿನ ಕೆಳಗೆ ಒಂದೇ ದಿನ ಮೂರು ಬಗೆಯ ಸಂಸಾರವನ್ನು ಆ ಬಾಲಕನು ಕಂಡನು. ಮುಂದೆ ಜೌನ್‌ಪುರದ ಅಧಿಕಾರಿ ರತ್ನವ್ಯಾಪಾರಿಗಳನ್ನು ಹಿಡಿದು ಚಾವಟಿಯಿಂದ ಹೊಡೆಸಿದಾಗ ಇಡೀ ಕುಟುಂಬ ಊರು ಬಿಟ್ಟು ಓಡಬೇಕಾಯಿತು. ಆ ವಲಸೆಯ ದಿನಗಳಲ್ಲಿ ಹುಡುಗನು ಕವಡೆಗಳನ್ನು ಕೊಂಡು ಮಾರಿ ಗಳಿಸಿದ ಪುಡಿಗಾಸನ್ನು ಅಜ್ಜಿಯ ಕೈಗಿತ್ತನು. ಮೊಮ್ಮಗನ ಮೊದಲ ಸಂಪಾದನೆಯೆಂದು ಆಕೆ ಸಿಹಿ ಹಂಚಿದಳು.

ಇಂತಹ ಹುಡುಗನ ಯೌವನ ಹೇಗಿತ್ತು? ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ನಿಘಂಟು, ಜ್ಯೋತಿಷ, ಅಲಂಕಾರಶಾಸ್ತ್ರಗಳನ್ನು ಓದಿದನು. ಭಾನುಚಂದ್ರರೆಂಬ ಯತಿಗಳ ಬಳಿ ಧರ್ಮಪಾಠವನ್ನೂ ಕಲಿತನು. ಅದೇ ಕಾಲದಲ್ಲಿ ಪ್ರಣಯದ ಹುಚ್ಚಿಗೂ ಬಿದ್ದನು. ಪ್ರೇಯಸಿಗೆ ಉಡುಗೊರೆ ಕಳುಹಿಸಲು ತಂದೆಯ ರತ್ನಗಳನ್ನು ಕದ್ದನು. ಶೃಂಗಾರವೇ ಪ್ರಧಾನವಾದ ಸಾವಿರ ಪದ್ಯಗಳ ಕಾವ್ಯವೊಂದನ್ನು ಬರೆದನು. ಹದಿನಾರರ ಹೊತ್ತಿಗೆ ಮೈಯೆಲ್ಲ ಹುಣ್ಣಾಗುವ ಘೋರ ರೋಗ ಹತ್ತಿತು. ಆಗ ಅವನು ಖೈರಾಬಾದಿನ ಮಾವನ ಮನೆಯಲ್ಲಿದ್ದನು. ದುರ್ಗಂಧಕ್ಕೆ ಹೆದರಿ ಯಾರೂ ಹತ್ತಿರ ಬರುತ್ತಿರಲಿಲ್ಲ. ಕೈಹಿಡಿದ ಎಳೆಯ ಹೆಂಡತಿ ಮತ್ತು ಅತ್ತೆ ಇಬ್ಬರೇ ಹುಣ್ಣು ತೊಳೆದು ಮದ್ದು ಹಚ್ಚಿದರು. ಕ್ಷೌರಿಕ ವೈದ್ಯನೊಬ್ಬನ ಚಿಕಿತ್ಸೆಯಿಂದ ಜೀವ ಉಳಿಯಿತು. ಗುಣವಾದ ಮೇಲೆ ಅವನು ತಿದ್ದಿಕೊಂಡನೇ? ಇಲ್ಲ. ಮರಳಿ ಬಂದು ಹಳೆಯ ದಾರಿಯನ್ನೇ ಹಿಡಿದನೆಂದು ತಾನೇ ಬರೆದಿದ್ದಾನೆ. ಹೆಚ್ಚು ಓದು ಬ್ರಾಹ್ಮಣರಿಗೂ ಭಟ್ಟಂಗಿಗಳಿಗೂ ಸರಿ, ವೈಶ್ಯನ ಮಗನು ಅಂಗಡಿಯಲ್ಲಿ ಕೂರಬೇಕು, ಅತಿಯಾಗಿ ಓದಿದವನು ಭಿಕ್ಷೆ ಬೇಡುತ್ತಾನೆ ಎಂದು ಹಿರಿಯರು ಉಪದೇಶಿಸಿದರು. ಆ ಉಪದೇಶವೂ ನಾಟಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಷ್ಟ ಬಂದರೆ ಮನುಷ್ಯನಿಗೆ ತಾನಾಗಿ ಬುದ್ಧಿ ಬರುತ್ತದೆಂದು ನಾವು ಸುಲಭವಾಗಿ ನಂಬುತ್ತೇವೆ. ಬನಾರಸೀದಾಸನ ಅನುಭವ ಹಾಗೆ ಹೇಳುವುದಿಲ್ಲ. ನೋವು ದೇಹವನ್ನು ಬಿಟ್ಟೊಡನೆ ಅದರ ಪಾಠವೂ ಬಿಟ್ಟುಹೋಗಬಹುದು. ಕರ್ಮದ ಫಲವನ್ನು ಅನುಭವಿಸುವುದು ಬೇರೆ, ಅದರ ಕಾರಣವನ್ನು ಅರಿಯುವುದು ಬೇರೆ.

ಕಾರಣದ ಅರಿವು ಅವನಿಗೆ ಸುತ್ತುದಾರಿಯಿಂದ ಬಂದಿತು. ಸಂನ್ಯಾಸಿಯೊಬ್ಬನು ಅವನಿಗೊಂದು ಮಂತ್ರ ಕೊಟ್ಟು, ಒಂದು ವರ್ಷ ಗುಟ್ಟಾಗಿ ಜಪಿಸಿದರೆ ದಿನಕ್ಕೊಂದು ಚಿನ್ನದ ನಾಣ್ಯ ಬಾಗಿಲಲ್ಲಿ ಬಿದ್ದಿರುತ್ತದೆಂದು ನಂಬಿಸಿದನು. ಅವನು ವರ್ಷವಿಡೀ ಜಪಿಸಿದನು, ನಾಣ್ಯ ಬರಲಿಲ್ಲ. ಬಳಿಕ ಯೋಗಿಯೊಬ್ಬನು ಕೊಟ್ಟ ಶಂಖವನ್ನು ಸದಾಶಿವನೆಂದು ಪೂಜಿಸಿದನು. 1605ರಲ್ಲಿ ಅಕ್ಬರ್ ಬಾದಶಹನು ತೀರಿಕೊಂಡ ಸುದ್ದಿ ಜೌನ್‌ಪುರಕ್ಕೆ ಮುಟ್ಟಿದಾಗ ಅವನು ಮೆಟ್ಟಿಲ ಮೇಲೆ ಕುಳಿತಿದ್ದನು. ಕೇಳಿದ ಆಘಾತಕ್ಕೆ ಉರುಳಿ ಬಿದ್ದು ಹಣೆ ಒಡೆದುಕೊಂಡನು. ಊರಿನಲ್ಲಿ ಅಂಗಡಿಗಳು ಮುಚ್ಚಿದವು, ಶ್ರೀಮಂತರು ಒಡವೆಗಳನ್ನು ನೆಲದಲ್ಲಿ ಹೂತು ಒರಟು ಬಟ್ಟೆ ಉಟ್ಟರು. ಜಹಾಂಗೀರನು ಪಟ್ಟಕ್ಕೆ ಬಂದನೆಂಬ ಪತ್ರ ಬರುವವರೆಗೆ ಹತ್ತು ದಿನ ಇದೇ ಭಯ. ಗಾಯ ಮಾಯ್ದ ಮೇಲೆ ತರುಣನು ತನ್ನೊಳಗೆ ಪ್ರಶ್ನೆ ಹಾಕಿಕೊಂಡನು: ನಾನು ಬಿದ್ದಾಗ ಈ ಪೂಜೆ ನನ್ನನ್ನೇಕೆ ಕಾಯಲಿಲ್ಲ? ಪ್ರತಿಫಲದ ಆಸೆಯಿಂದ ಮಾಡಿದ ಪೂಜೆ ಅಂದೇ ನಿಂತಿತು.

ಅದಾದ ಕೆಲವೇ ಕಾಲದಲ್ಲಿ, ಒಂದು ಸಂಜೆ ಗೋಮತೀ ನದಿಯ ಸೇತುವೆಯ ಮೇಲೆ ಗೆಳೆಯರಿಗೆ ತನ್ನ ಶೃಂಗಾರಕಾವ್ಯವನ್ನು ಓದಿ ಹೇಳುತ್ತಿದ್ದಾಗ ಅವನಿಗೆ ಒಂದು ವಿಚಾರ ಹೊಳೆಯಿತು. ಒಂದು ಸುಳ್ಳಿಗೇ ದುರ್ಗತಿಯಿದ್ದರೆ, ಸಾವಿರ ಪದ್ಯಗಳಲ್ಲಿ ಸುಳ್ಳನ್ನೇ ಕಟ್ಟಿದ ತನ್ನ ಗತಿ ಏನು? ಹಾಳೆಗಳನ್ನು ನದಿಗೆ ಎಸೆದುಬಿಟ್ಟನು. ಗೆಳೆಯರು ಅಯ್ಯೋ ಎಂದು ಕೂಗುವಷ್ಟರಲ್ಲಿ ಅವು ನೀರು ಪಾಲಾಗಿದ್ದವು. ಅಂದಿನಿಂದ ಜಿನದರ್ಶನ, ಸಾಮಾಯಿಕ, ಪ್ರತಿಕ್ರಮಣಗಳ ನಿಯಮ ಹಿಡಿದನು. ತಂದೆಗೆ ಸಂತೋಷವಾಯಿತು, ಊರಿನವರ ನಿಂದೆ ಪ್ರಶಂಸೆಯಾಯಿತು. ಆಗ ಅವನಿಗೆ ಸುಮಾರು ಇಪ್ಪತ್ತು ವರ್ಷ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಮಕ್ಕಳ ನೀತಿಪಾಠವಾಗುತ್ತಿತ್ತು. ಆದರೆ ಬದುಕು ಮನಃಪರಿವರ್ತನೆಗೆ ಒಡನೆಯೇ ಬಹುಮಾನ ಕೊಡುವುದಿಲ್ಲ. ಸುಮಾರು 1610ರಲ್ಲಿ ಖರಗಸೇನನು ಮನೆಯ ಭಾರವನ್ನು ಇನ್ನು ನೀನು ಹೊರಬೇಕೆಂದು ಹೇಳಿ, ರತ್ನಗಳನ್ನೂ 20 ಮಣ ತುಪ್ಪವನ್ನೂ ಎಣ್ಣೆಯನ್ನೂ 200 ರೂಪಾಯಿ ಬೆಲೆಯ ಜೌನ್‌ಪುರದ ಬಟ್ಟೆಯನ್ನೂ ಪಟ್ಟಿ ಮಾಡಿ ಮಗನಿಗೆ ಒಪ್ಪಿಸಿ ಆಗ್ರಾಕ್ಕೆ ಕಳುಹಿಸಿದನು. ದಾರಿಯಲ್ಲಿ ಇಟಾವಾದ ಬಳಿ ಮಳೆ ಹಿಡಿದು, ತಂಗಲು ಎಡೆ ಸಿಗದೆ, ಕಾವಲುಗಾರರ ಗುಡಿಸಲಿನಲ್ಲಿ ರಾತ್ರಿ ಕಳೆಯಬೇಕಾಯಿತು. ಆಗ್ರಾದಲ್ಲಿ ಸರಕು ನಷ್ಟಕ್ಕೆ ಹೋಯಿತು. ಇಜಾರದ ಲಾಡಿಗೆ ಕಟ್ಟಿಕೊಂಡಿದ್ದ ರತ್ನಗಳು ಎಲ್ಲಿಯೋ ಜಾರಿಹೋದವು. ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಇನ್ನು ಕೆಲವನ್ನು ಇಲಿ ಎಳೆದೊಯ್ಯಿತು. ಮಾರುಕಟ್ಟೆಗೆ ಹೋಗಲು ಮುಖವಿಲ್ಲದೆ ಮನೆಯಲ್ಲಿಯೇ ಕುಳಿತು, ಸಂಜೆ ಹತ್ತಿಪ್ಪತ್ತು ಮಂದಿಗೆ ಮಧುಮಾಲತಿ, ಮೃಗಾವತಿ ಕಾವ್ಯಗಳನ್ನು ಓದಿ ಹೇಳುತ್ತ ಕಾಲ ಕಳೆದನು.

ಕೇಳಲು ಬರುತ್ತಿದ್ದವರಲ್ಲಿ ಕಚೋರಿ ಮಾರುವವನೊಬ್ಬನಿದ್ದನು. ಬನಾರಸೀದಾಸನು ಅವನ ಬಳಿ ದಿನವೂ ಸಾಲದ ಕಚೋರಿ ತಿನ್ನುತ್ತಿದ್ದನು. ಒಂದು ದಿನ ಅವನನ್ನು ಏಕಾಂತದಲ್ಲಿ ಕರೆದು, ತನ್ನ ಬಳಿ ಏನೂ ಇಲ್ಲ, ಇನ್ನು ಸಾಲ ಕೊಡಬೇಡವೆಂದು ತಾನಾಗಿಯೇ ತಿಳಿಸಿದನು. ಅದಕ್ಕೆ ಆ ಬಡ ವ್ಯಾಪಾರಿ, ಇಪ್ಪತ್ತು ರೂಪಾಯಿಯವರೆಗೆ ತಿಂದರೂ ಚಿಂತೆಯಿಲ್ಲ, ಯಾರೂ ಏನೂ ಅನ್ನುವುದಿಲ್ಲವೆಂದು ಉತ್ತರ ಕೊಟ್ಟನು. ಹೀಗೆ ತಿಂಗಳುಗಳು ಕಳೆದವು. ಕೊನೆಗೆ ಲೆಕ್ಕ ನೋಡಿದಾಗ ಬಾಕಿ 14 ರೂಪಾಯಿ. ಕೈಗೆ ಹಣ ಬಂದಾಗ ಬನಾರಸೀದಾಸನು ಅದನ್ನು ಸಲ್ಲಿಸಿದನು.

ಈ ಪ್ರಸಂಗದಲ್ಲಿ ಎರಡು ಶೀಲಗಳು ಒಂದನ್ನೊಂದು ಸಂಧಿಸುತ್ತವೆ. ಕೇಳುವ ಮೊದಲೇ ತನ್ನ ದಾರಿದ್ರ್ಯವನ್ನು ಒಪ್ಪಿಕೊಂಡ ಸಾಲಗಾರನ ಸತ್ಯ ಒಂದು; ಆ ಸತ್ಯಕ್ಕೆ ಬೆಲೆ ಕೊಟ್ಟ ವ್ಯಾಪಾರಿಯ ಔದಾರ್ಯ ಇನ್ನೊಂದು. ಸಾಲವನ್ನು ಮುಚ್ಚಿಟ್ಟು, ಸಾಲಗಾರನನ್ನು ಕಂಡೊಡನೆ ಬೀದಿ ಬದಲಿಸುವ ತರುಣನು ಇದನ್ನು ನೆನೆಯಬೇಕು. ಹಣ ಕಳೆದವನಿಗೆ ಮತ್ತೆ ಹಣ ಸಿಕ್ಕೀತು. ಮಾತು ಕಳೆದವನಿಗೆ ಸಿಗುವುದು ಕಷ್ಟ.

ಬಳಿಕ ಪಾಲುಗಾರಿಕೆಯಲ್ಲಿ ಎರಡು ವರ್ಷ ದುಡಿದನು. ಲೆಕ್ಕ ಮುಗಿಸಿದಾಗ ಗಳಿಕೆಯೂ ಖರ್ಚೂ ಸರಿಸಮವಾಗಿದ್ದವು. ಬರಿಗೈಯವನಾಗಿ ಖೈರಾಬಾದಿಗೆ ಹೋದಾಗ ಹೆಂಡತಿ ಅವನ ಸ್ಥಿತಿಯನ್ನು ಅರಿತು, ತಾನು ಕೂಡಿಟ್ಟಿದ್ದ 20 ರೂಪಾಯಿಗಳನ್ನು ಕೈಗಿಟ್ಟು ಧೈರ್ಯ ಹೇಳಿದಳು. ತನ್ನ ತಾಯಿಗೂ ಗುಟ್ಟಾಗಿ ತಿಳಿಸಿದಳು. ಆ ತಾಯಿ 200 ರೂಪಾಯಿ ಕೊಟ್ಟಳು. ಹುಣ್ಣು ತೊಳೆದ ಆ ಎರಡು ಜೊತೆ ಕೈಗಳೇ ಮತ್ತೊಮ್ಮೆ ಅವನನ್ನು ಎತ್ತಿದವು. ಸಾಧಕರ ಚರಿತ್ರೆಗಳಲ್ಲಿ ಇಂತಹ ಕೈಗಳ ಹೆಸರು ಬರುವುದಿಲ್ಲ. ಯಾವ ತರುಣನೂ ತಾನು ಸ್ವಂತ ಬಲದಿಂದಲೇ ಮೇಲೆ ಬಂದೆನೆಂದು ಹೇಳುವ ಮೊದಲು, ತನ್ನ ಬಾಳಿನಲ್ಲಿ ಆ ಇಪ್ಪತ್ತು ರೂಪಾಯಿ ಯಾರು ಕೊಟ್ಟರೆಂದು ನೆನೆಯಬೇಕು.

ಬನಾರಸೀದಾಸನ ಅತ್ಯಂತ ಕಠಿಣವಾದ ಪತನ ಯೌವನದ್ದಲ್ಲ. ಅದು ಧರ್ಮದ ಹೆಸರಿನಲ್ಲಿಯೇ ಬಂದುದು. ಸಂವತ್ 1680ರಲ್ಲಿ (ಕ್ರಿ.ಶ. 1623) ಅವನಿಗೆ ಕುಂದಕುಂದಾಚಾರ್ಯರ ಸಮಯಸಾರ, ರಾಜಮಲ್ಲನ ದೇಶಭಾಷೆಯ ಟೀಕೆಯೊಡನೆ ದೊರೆಯಿತು. ಆತ್ಮವು ಶುದ್ಧ, ಕ್ರಿಯೆಗಳೆಲ್ಲ ಹೊರಗಿನವು ಎಂಬ ನಿಶ್ಚಯನಯದ ಮಾತನ್ನು ಓದಿ ಅವನು ವ್ಯವಹಾರವನ್ನೇ ತೊರೆದನು. ಸಾಮಾಯಿಕ, ಪ್ರತಿಕ್ರಮಣ, ನಿಯಮಗಳೆಲ್ಲ ಬಿಟ್ಟುಹೋದವು. ಮೂವರು ಸಂಗಡಿಗರೊಡನೆ ಕೋಣೆಯ ಬಾಗಿಲು ಹಾಕಿಕೊಂಡು, ಬತ್ತಲೆಯಾಗಿ ಸುತ್ತುತ್ತ, ತಾವು ಮುನಿಗಳಾದೆವೆಂದು ಕುಣಿದನು. ಜನ ನಕ್ಕರು. ಸುಮಾರು ಹನ್ನೆರಡು ವರ್ಷ ಈ ಡೋಲಾಯಮಾನ ಸ್ಥಿತಿ ಇದ್ದಿತು.

ಸಂವತ್ 1692ರಲ್ಲಿ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು ಗೊಮ್ಮಟಸಾರವನ್ನು ಪ್ರವಚಿಸಿದರು. ಹದಿನಾಲ್ಕು ಗುಣಸ್ಥಾನಗಳು, ಒಂದೊಂದು ಸ್ಥಾನಕ್ಕೂ ತಕ್ಕ ಆಚರಣೆ, ಜ್ಞಾನ ಕ್ರಿಯೆಗಳ ಪರಸ್ಪರ ಸಂಬಂಧ ಇವು ಬನಾರಸೀದಾಸನಿಗೆ ಆಗ ಸ್ಪಷ್ಟವಾದವು. ನಡುವಣ ಮೆಟ್ಟಿಲುಗಳನ್ನು ಹತ್ತದೆ ಕೊನೆಯ ಮೆಟ್ಟಿಲಿನ ಮಾತನ್ನು ಬಾಯಲ್ಲಿ ಆಡಿದುದೇ ತನ್ನ ದೋಷವೆಂದು ಅರಿತನು. ಮರುವರ್ಷವೇ, 1636ರಲ್ಲಿ, ಇಂದಿಗೂ ಆದರದಿಂದ ಓದಲ್ಪಡುವ 'ನಾಟಕ ಸಮಯಸಾರ'ವನ್ನು ರಚಿಸಿದನು.

ಕನ್ನಡಿಗರಾದ ನಮಗೆ ಇಲ್ಲಿ ಹೆಮ್ಮೆಯ ಜೊತೆಗೆ ಹೊಣೆಯೂ ಇದೆ. ಕುಂದಕುಂದರ ಹೆಸರು ನಮ್ಮ ಗಡಿಗೆ ಹತ್ತಿರವಾದ ಕೊಂಡಕುಂದೆಯಿಂದ ಬಂದುದೆನ್ನುತ್ತಾರೆ. ಗೊಮ್ಮಟಸಾರವನ್ನು ಬರೆದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳು. ಕೇಶವವರ್ಣಿ 1359ರಲ್ಲಿ ಆ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿ ಬರೆದನು. ದಕ್ಷಿಣದ ಗ್ರಂಥವೊಂದು ಆರು ಶತಮಾನಗಳ ಮೇಲೆ ಆಗ್ರಾದ ವ್ಯಾಪಾರಿಯೊಬ್ಬನ ಬುದ್ಧಿಯನ್ನು ನೆಲೆಗೆ ನಿಲ್ಲಿಸಿತು. ನಮ್ಮ ಮನೆಯ ಮಕ್ಕಳ ಕೈಗೆ ಅದನ್ನು ನಾವು ಎಷ್ಟು ಮುಟ್ಟಿಸಿದ್ದೇವೆ?

ಕೃತಿಯ ಕೊನೆಯಲ್ಲಿ ಕವಿ ತನ್ನ ಗುಣದೋಷಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಕ್ಷಮೆ, ಸಂತೋಷ, ಮೃದುವಾದ ಮಾತು, ಕಾವ್ಯಶಕ್ತಿ ಇವು ಗುಣಗಳು. ಧನದ ಲೋಭ, ಜಪತಪಗಳಲ್ಲಿ ನಿರಾಸಕ್ತಿ, ನಗಿಸಲೆಂದು ಸುಳ್ಳು ಕಥೆ ಹೇಳುವುದು, ಏಕಾಂತದಲ್ಲಿ ಕುಣಿಯುವುದು, ಕಾರಣವಿಲ್ಲದೆ ಹೆದರುವುದು ಇವು ದೋಷಗಳು. ಪರರ ಗುಣವನ್ನೂ ತನ್ನ ದೋಷವನ್ನೂ ಹೇಳುವವನು ಉತ್ತಮ, ಪರರ ದೋಷವನ್ನೂ ತನ್ನ ಗುಣವನ್ನೂ ಹೇಳುವವನು ಅಧಮ, ಎರಡನ್ನೂ ಹೇಳುವವನು ಮಧ್ಯಮ ಎಂದು ವಿಂಗಡಿಸಿ, ತನ್ನನ್ನು ಮಧ್ಯಮರಲ್ಲಿ ಎಣಿಸಿಕೊಂಡನು. ಹುಟ್ಟಿದ ಒಂಬತ್ತು ಮಕ್ಕಳನ್ನೂ ಕಳೆದುಕೊಂಡಿದ್ದ ತಂದೆಯ ಬರಹ ಇದು. ಆದರೂ ಇದರಲ್ಲಿ ಯಾರ ಮೇಲೂ ದೂರಿಲ್ಲ.

ನಮ್ಮ ಶಾಸ್ತ್ರದಲ್ಲಿ ದೋಷವನ್ನು ಮರೆಮಾಚದೆ ಗುರುಗಳ ಮುಂದೆ ಒಪ್ಪಿಸುವುದಕ್ಕೆ ಆಲೋಚನೆ ಎಂಬ ಹೆಸರಿದೆ. ಮುಚ್ಚಿಟ್ಟ ದೋಷವನ್ನು ಮಾಯಾಶಲ್ಯ, ಒಳಗೆ ಮುರಿದುಳಿದ ಮುಳ್ಳು, ಎಂದಿದ್ದಾರೆ. ಮುಳ್ಳು ಕಾಣದಿದ್ದರೂ ನಡಿಗೆಯನ್ನು ಕೆಡಿಸುತ್ತದೆ. ಬನಾರಸೀದಾಸನ ಗ್ರಂಥ ಒಂದು ದೀರ್ಘವಾದ ಆಲೋಚನೆಯೇ ಆಗಿದೆ. ವ್ಯಾಪಾರಿಯಾದ ಅವನು ಬಾಳನ್ನೂ ಖಾತೆಯಂತೆ ಬರೆದನು. ಜಮೆಯನ್ನು ಹಿಗ್ಗಿಸಲಿಲ್ಲ, ಖರ್ಚನ್ನು ಅಡಗಿಸಲಿಲ್ಲ.

ಆದುದರಿಂದ ಹರೆಯಕ್ಕೆ ಕಾಲಿಡುವವರು ಇದರಿಂದ ಕಲಿಯಬೇಕಾದುದು ಮೂರು. ಒಮ್ಮೆ ತಿದ್ದಿಕೊಂಡವನು ಮತ್ತೆ ಜಾರಬಹುದು. ಆದ್ದರಿಂದ ಎಚ್ಚರ ದಿನನಿತ್ಯದ ಕೆಲಸ. ಹಿರಿದಾದ ಮಾತನ್ನು ಕಲಿಯುವುದಕ್ಕಿಂತ ತಾನು ನಿಂತ ಮೆಟ್ಟಿಲಿಗೆ ತಕ್ಕ ಕರ್ತವ್ಯವನ್ನು ಮಾಡುವುದು ಮೇಲು. ತನ್ನ ಸ್ಥಿತಿಯನ್ನು ತಾನಾಗಿ ಹೇಳಿಕೊಳ್ಳುವ ಧೈರ್ಯವೇ ಎಲ್ಲ ಸುಧಾರಣೆಗೂ ಮೊದಲು. ಹಿರಿಯರು ಕಲಿಯಬೇಕಾದುದು ಒಂದು: ಎಡವಿದ ಮಗನಿಗೆ ಉಪದೇಶ ಹೇಳುವವರು ಊರ ತುಂಬ ಇರುತ್ತಾರೆ, ಲೆಕ್ಕ ಕೇಳದೆ ಒಂದು ಹೊತ್ತಿನ ಊಟ ಕೊಡುವವರು ವಿರಳ. ಆ ವಿರಳರಲ್ಲಿ ನಾವಿರಬೇಕು.

ಅರ್ಧಕಥೆ ಬರೆದ ಎರಡು ಮೂರು ವರ್ಷಗಳಲ್ಲಿಯೇ ಕವಿ ತೀರಿಕೊಂಡನೆಂದು ವಿದ್ವಾಂಸರು ಹೇಳುತ್ತಾರೆ. ಅವನು ಎಣಿಸಿದ್ದ ಇನ್ನರ್ಧ ಅವನಿಗೆ ಸಿಗಲಿಲ್ಲ. ಲೆಕ್ಕವನ್ನು ಮುಪ್ಪಿಗೆಂದು ಮುಂದೂಡಬಾರದು. ಇಂದಿನ ದಿನದ ಲೆಕ್ಕವನ್ನು ಇಂದಿನ ರಾತ್ರಿಯೇ ಬರೆದಿಡಬೇಕು.